ಹೋದ ಹಲ್ಲಿನ ಜಾಗಕ್ಕೆ ಬ್ರಿಡ್ಜೋ, ಇಂಪ್ಲಾಂಟೋ? ಮೊದಲು ಪಕ್ಕದ ಹಲ್ಲು ನೋಡಿ

ಬ್ಯಾಕೋಡು, ತುಮರಿ ಕಡೆ ‘ಬ್ರಿಡ್ಜ್’ ಅಂದರೆ ಈಗ ಎಲ್ಲರಿಗೂ ನೆನಪಾಗುವುದು ಒಂದೇ, 2025ರ ಜುಲೈ 14ರಂದು ಉದ್ಘಾಟನೆಯಾದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ. ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಶರಾವತಿ ಹಿನ್ನೀರು ನಿಂತ ಮೇಲೆ ಹೊಳೆಯಾಚೆಯ ಜನ ಸಾಗರಕ್ಕೆ ಹೋಗಬೇಕಾದರೆ ಲಾಂಚಿಗೆ ಕಾಯಬೇಕಿತ್ತು, ಇಲ್ಲವೇ ಬಹುದೂರ ಸುತ್ತಬೇಕಿತ್ತು. ಈಗ 2.44 ಕಿಲೋಮೀಟರ್ ಉದ್ದದ ಸೇತುವೆ ದಾಟಿದರೆ ಆಯಿತು.

ಹಲ್ಲಿನ ಪುಟದಲ್ಲಿ ಸೇತುವೆಯ ಮಾತು ಯಾಕೆ ಅಂತ ಕೇಳಬಹುದು. ಕಾರಣ ಇದೆ. ಹಲ್ಲು ಹುಳುಕಾದಾಗ ಅದನ್ನು ಉಳಿಸಿಕೊಳ್ಳಲು ರೂಟ್ ಕೆನಾಲ್ ಮಾಡಿಸಬೇಕು, ಅದಕ್ಕೆ ಎರಡು ಮೂರು ಸಲವಾದರೂ ಪೇಟೆಗೆ ಹೋಗಬೇಕು. ಕೀಳಿಸುವುದಾದರೆ ಒಂದೇ ದಿನದ ಕೆಲಸ. ದಾರಿ ಕಷ್ಟವಾದ ಊರುಗಳಲ್ಲಿ ‘ಕಿತ್ತೇ ಬಿಡಿ ಡಾಕ್ಟ್ರೇ’ ಅನ್ನುವುದು ಸುಲಭದ ದಾರಿ. ಹೀಗೆ ಒಂದೊಂದಾಗಿ ಹೋದ ದವಡೆ ಹಲ್ಲುಗಳ ಲೆಕ್ಕವನ್ನು ನಾವು ಯಾರೂ ಇಟ್ಟಿಲ್ಲ. ಆದರೆ ನಮ್ಮ ಮನೆಗಳಲ್ಲಿ ಒಂದೇ ಕಡೆ ಅಗಿಯುವ ಉಮ್ಮ, ಬಿರಿಯಾನಿಯ ಮಾಂಸವನ್ನು ತಟ್ಟೆಯ ಅಂಚಿಗೆ ಸರಿಸಿ ಬರೀ ಅನ್ನ ತಿನ್ನುವ ಹಿರಿಯರು ನಮಗೆಲ್ಲ ಗೊತ್ತಿರುವವರೇ.

ಈಗ ದಾರಿ ಆಗಿದೆ. ಸಾಗರ, ಶಿವಮೊಗ್ಗ ಹತ್ತಿರವಾಗಿವೆ. ಇತ್ತ ಕೊಲ್ಲೂರು ಘಾಟಿ ಇಳಿದರೆ ಕುಂದಾಪುರ, ಮಣಿಪಾಲ. ಹಲ್ಲಿನ ಡಾಕ್ಟರ ಮುಂದೆ ಕೂತಾಗ ಎದುರಾಗುವ ಪ್ರಶ್ನೆ ಇದು: ಬ್ರಿಡ್ಜ್ ಹಾಕಿಸಬೇಕಾ, ಇಂಪ್ಲಾಂಟ್ ಮಾಡಿಸಬೇಕಾ? ಎರಡೂ ಖರ್ಚಿನ ವಿಷಯ. ಎರಡರಲ್ಲೂ ಆಮೇಲೆ ಹಿಂದಕ್ಕೆ ಹೋಗಲಿಕ್ಕಾಗದ ಹೆಜ್ಜೆಗಳಿವೆ. ಹಾಗಾಗಿ ಕುರ್ಚಿಯಲ್ಲಿ ಬಾಯಿ ತೆರೆದು ಮಲಗುವ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಹಾಗೇ ಬಿಟ್ಟರೆ ಏನಾಗುತ್ತದೆ?

ಒಂದು ಹಲ್ಲು ಹೋದರೆ ಏನಂತೆ, ಇನ್ನೂ ಮೂವತ್ತು ಇವೆಯಲ್ಲ ಅನ್ನುವವರಿದ್ದಾರೆ. ಆದರೆ ಹಲ್ಲುಗಳು ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ. ಮಧ್ಯದಲ್ಲಿ ಒಂದು ಹೋದರೆ ಪಕ್ಕದವು ನಿಧಾನವಾಗಿ ಆ ಖಾಲಿ ಜಾಗಕ್ಕೆ ವಾಲುತ್ತವೆ. ಎದುರು ದವಡೆಯ ಹಲ್ಲು ತಡೆಯಿಲ್ಲದೆ ಕೆಳಗೆ ಇಳಿಯುತ್ತದೆ, ಇಲ್ಲವೇ ಮೇಲೆ ಏಳುತ್ತದೆ. ಸಂದಿಯಲ್ಲಿ ಆಹಾರ ಸಿಕ್ಕಿಕೊಂಡು ಹುಳುಕು ಶುರುವಾಗುತ್ತದೆ. ಜೊತೆಗೆ ಬೇರು ಇಲ್ಲದ ಕಡೆ ದವಡೆಯ ಮೂಳೆ ಕರಗುತ್ತಾ ಹೋಗುತ್ತದೆ. ಹೆಚ್ಚು ಕರಗುವುದು ಹಲ್ಲು ಕಿತ್ತ ಮೊದಲ ವರ್ಷದಲ್ಲೇ. ಹತ್ತು ವರ್ಷ ಬಿಟ್ಟು ಇಂಪ್ಲಾಂಟ್ ಕೇಳಲು ಹೋದಾಗ ‘ಮೂಳೆ ಸಾಲದು’ ಅನ್ನುವ ಉತ್ತರ ಬರುವುದು ಇದರಿಂದಲೇ.

ಹಾಗಂತ ಹೋದ ಪ್ರತಿ ಹಲ್ಲಿಗೂ ಬದಲಿ ಬೇಕು ಅಂತಲ್ಲ. ಬುದ್ಧಿ ಹಲ್ಲು ಹೋದರೆ ಏನೂ ಹಾಕಿಸಬೇಕಿಲ್ಲ. ವಯಸ್ಸಾದವರಿಗೆ ತೀರಾ ಹಿಂದಿನ ದವಡೆ ಹಲ್ಲು ಇಲ್ಲದೆಯೂ ಊಟ ಸರಿಯಾಗಿ ನಡೆಯುತ್ತಿದ್ದರೆ ಹಾಗೇ ಬಿಡುವುದೂ ಒಂದು ತೀರ್ಮಾನವೇ. ‘ಹಾಕಿಸದಿದ್ದರೆ ನನಗೆ ನಿಜವಾಗಿ ಏನು ತೊಂದರೆ?’ ಅಂತ ಡಾಕ್ಟರನ್ನು ಕೇಳಲು ನಾವು ಸಂಕೋಚಪಡಬಾರದು.

ಬ್ರಿಡ್ಜ್ ಅಂದರೆ

ಹೆಸರೇ ಹೇಳುವ ಹಾಗೆ ಇದು ಸೇತುವೆ. ಆಚೆ ಒಂದು ಕಂಬ, ಈಚೆ ಒಂದು ಕಂಬ, ನಡುವೆ ತೂಗುವ ಹಲ್ಲು. ಕಂಬಗಳು ಯಾವುವು? ನಮ್ಮದೇ ಪಕ್ಕದ ಎರಡು ಹಲ್ಲುಗಳು. ಅವನ್ನು ಸುತ್ತಲೂ ಅರೆದು ಸಣ್ಣ ಮಾಡಿ, ಅಳತೆ ತೆಗೆದು, ಲ್ಯಾಬಿನಲ್ಲಿ ಮೂರು ಹಲ್ಲು ಒಟ್ಟಿಗೆ ಇರುವ ಕ್ಯಾಪ್ ಮಾಡಿಸಿ ಅಂಟಿಸುತ್ತಾರೆ. ಲೋಹದ ಮೇಲೆ ಸೆರಾಮಿಕ್ ಹೊದಿಸಿದ್ದು ಬಹುಕಾಲದಿಂದ ಬಳಕೆಯಲ್ಲಿದೆ. ಈಗ ಜಿರ್ಕೋನಿಯಾದ್ದೂ ಬಂದಿದೆ, ಅದಕ್ಕೆ ದರ ಜಾಸ್ತಿ.

ಇದರ ಅನುಕೂಲ ಸ್ಪಷ್ಟ. ಆಪರೇಷನ್ ಇಲ್ಲ. ಹಲ್ಲು ಹೋಗಿ ಗಾಯ ಮಾಗಿದ್ದರೆ ಎರಡು ಮೂರು ಭೇಟಿಯಲ್ಲಿ, ಒಂದೆರಡು ವಾರದೊಳಗೆ ಕೆಲಸ ಮುಗಿಯುತ್ತದೆ. ಮೂಳೆ ಕಡಿಮೆ ಇದ್ದರೂ ಆಗುತ್ತದೆ.

ಅನಾನುಕೂಲವೂ ಅಷ್ಟೇ ಸ್ಪಷ್ಟ. ಅರೆದ ಹಲ್ಲಿನ ಹೊರಪದರ ಮತ್ತೆ ಬೆಳೆಯುವುದಿಲ್ಲ. ಒಂದು ಹಲ್ಲಿನ ಸಲುವಾಗಿ ಎರಡು ಗಟ್ಟಿ ಹಲ್ಲುಗಳನ್ನು ಜೀವನಪೂರ್ತಿ ಕ್ಯಾಪಿನ ಅಡಿಯಲ್ಲಿ ಇಡಬೇಕು. ಅವುಗಳಲ್ಲಿ ಕೆಲವಕ್ಕೆ ಮುಂದೆ ರೂಟ್ ಕೆನಾಲ್ ಬೇಕಾಗುವುದುಂಟು. ಕ್ಯಾಪಿನ ಅಂಚಿನಲ್ಲಿ ಹುಳುಕು ಹಿಡಿದರೆ ಹೊರಗೆ ಕಾಣುವುದಿಲ್ಲ, ನೋವು ಬರುವ ಹೊತ್ತಿಗೆ ತಡವಾಗಿರುತ್ತದೆ. ಒಂದು ಕಂಬ ಕೆಟ್ಟರೆ ಇಡೀ ಬ್ರಿಡ್ಜ್ ಕತ್ತರಿಸಿ ತೆಗೆಯಬೇಕು. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಮೂವತ್ತನೇ ವಯಸ್ಸಿನಲ್ಲಿ ಹಾಕಿಸಿದವರು ಎಪ್ಪತ್ತರ ತನಕ ಅದನ್ನು ಎಷ್ಟು ಸಲ ಬದಲಾಯಿಸಬೇಕಾಗಬಹುದು ಅಂತಲೂ ಲೆಕ್ಕ ಹಾಕಬೇಕು.

ಇಂಪ್ಲಾಂಟ್ ಅಂದರೆ

ಇಂಪ್ಲಾಂಟ್ ಅಂದರೆ ಹಲ್ಲಿನ ಬೇರಿನ ಜಾಗದಲ್ಲಿ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಅದರ ಮೇಲೆ ಒಂದು ಕ್ಯಾಪ್. ಪಕ್ಕದ ಹಲ್ಲುಗಳನ್ನು ಮುಟ್ಟುವುದೇ ಇಲ್ಲ.

ಇದರ ಕಥೆ ಶುರುವಾದದ್ದು ಸ್ವೀಡನ್‌ನಲ್ಲಿ. ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರ ಸುಮಾರಿಗೆ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಉಪಕರಣವೊಂದನ್ನು ಕೂರಿಸಿ ರಕ್ತ ಸಂಚಾರ ನೋಡುತ್ತಿದ್ದರು. ಪ್ರಯೋಗ ಮುಗಿದು ತೆಗೆಯಲು ಹೋದರೆ ಅದು ಬರಲೇ ಇಲ್ಲ, ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ದವಡೆಗೆ ಹೀಗೆ ಇಂಪ್ಲಾಂಟ್ ಹಾಕಿದರು. ಆ ಮೊದಲ ರೋಗಿ 2006ರಲ್ಲಿ ತೀರಿಕೊಂಡರು, ನಲವತ್ತು ವರ್ಷ ಅವು ಅವರ ಬಾಯಲ್ಲೇ ಇದ್ದವು.

ಆದರೆ ಬೆಸೆದುಕೊಳ್ಳಲು ಕಾಲ ಬೇಕು. ಸ್ಕ್ರೂ ಕೂರಿಸಿದ ಮೇಲೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾದು ಕ್ಯಾಪ್ ಹಾಕುತ್ತಾರೆ. ಮೇಲಿನ ದವಡೆಯ ಮೂಳೆ ಮೆತ್ತಗಿರುವುದರಿಂದ ಅಲ್ಲಿ ಹೆಚ್ಚು ದಿನ ಬೇಕಾಗುತ್ತದೆ. ಕೆಲವರಿಗೆ ಬೇಗನೆ ಹಲ್ಲು ಕೂರಿಸುವುದೂ ಉಂಟು, ಆದರೆ ಅದು ಎಲ್ಲರಿಗೂ ಆಗುವಂಥದ್ದಲ್ಲ. ‘ಮೂರೇ ದಿನದಲ್ಲಿ ಶಾಶ್ವತ ಹಲ್ಲು’ ಅನ್ನುವ ಜಾಹೀರಾತು ಕಂಡರೆ ‘ನನ್ನ ಮೂಳೆಗೆ ಅದು ಹೊಂದುತ್ತಾ?’ ಅಂತ ಸ್ಕ್ಯಾನ್ ಮುಂದಿಟ್ಟುಕೊಂಡು ಕೇಳಬೇಕು.

ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ. ಹಾಗಂತ ಅದಕ್ಕೆ ಕಾಯಿಲೆಯೇ ಇಲ್ಲ ಅಂತಲ್ಲ. ಸುತ್ತಲಿನ ಒಸಡಿಗೆ ಸೋಂಕಾಗಿ, ಮೂಳೆ ಕರಗಿ, ಗಟ್ಟಿ ಇದ್ದ ಸ್ಕ್ರೂ ಅಲುಗಾಡುವುದುಂಟು. ಇದು ನೋವಿಲ್ಲದೆ ಬರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ತೋರಿಸಿ ಶುಚಿ ಮಾಡಿಸಿಕೊಳ್ಳಲೇಬೇಕು. ಹತ್ತು ವರ್ಷದ ಲೆಕ್ಕ ಹಿಡಿದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು ಉಳಿಯುತ್ತವೆ ಅನ್ನುವುದು ನಿಜ. ಹಾಗೆ ಉಳಿಯುವುದು ಹೆಚ್ಚಾಗಿ ನೋಡಿಕೊಂಡವರ ಬಾಯಲ್ಲಿ.

ತೀರ್ಮಾನ ಎಲ್ಲಿದೆ?

ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಪಕ್ಕದ ಹಲ್ಲುಗಳು ಹೇಗಿವೆ ಅಂತ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಚೀಚೆಯ ಹಲ್ಲುಗಳು ಏನೂ ಆಗದೆ ಗಟ್ಟಿಯಾಗಿದ್ದರೆ ಅವನ್ನು ಅರೆಯುವುದು ನಷ್ಟದ ವ್ಯಾಪಾರ. ಅಲ್ಲಿ ಇಂಪ್ಲಾಂಟ್ ಬಗ್ಗೆ ಮೊದಲು ಯೋಚಿಸಬೇಕು. ಅದೇ, ಪಕ್ಕದ ಹಲ್ಲುಗಳಿಗೆ ಈಗಾಗಲೇ ದೊಡ್ಡ ಫಿಲ್ಲಿಂಗ್ ಇದೆ, ರೂಟ್ ಕೆನಾಲ್ ಆಗಿದೆ, ಹೇಗೂ ಕ್ಯಾಪ್ ಬೇಕು ಅಂತಾದರೆ ಬ್ರಿಡ್ಜ್ ಹಾಕಿಸುವುದರಲ್ಲಿ ನಷ್ಟವೇನಿಲ್ಲ. ಒಂದೇ ಖರ್ಚಿನಲ್ಲಿ ಮೂರು ಕೆಲಸ ಆಗುತ್ತದೆ. ಪಕ್ಕದ ಹಲ್ಲು ಅಲುಗಾಡುತ್ತಿದ್ದರೆ ಮಾತ್ರ ಅದರ ಮೇಲೆ ಬ್ರಿಡ್ಜ್ ನಿಲ್ಲುವುದಿಲ್ಲ, ಮೊದಲು ಒಸಡಿನ ಚಿಕಿತ್ಸೆ ಆಗಬೇಕು. ಕೊನೆಯ ದವಡೆ ಹಲ್ಲಿನ ಜಾಗ ಖಾಲಿ ಇದ್ದರೆ ಹಿಂದಿನ ಕಂಬವೇ ಇಲ್ಲ. ಅಲ್ಲಿ ಸಾಮಾನ್ಯ ಬ್ರಿಡ್ಜ್ ಆಗದು.

ಬಿದ್ದೋ ಆಟದಲ್ಲಿ ಪೆಟ್ಟಾಗಿಯೋ ಮುಂದಿನ ಹಲ್ಲು ಕಳೆದುಕೊಂಡ ಮಕ್ಕಳ ವಿಷಯ ಬೇರೆ. ದವಡೆ ಬೆಳೆಯುವುದು ನಿಲ್ಲುವ ತನಕ ಇಂಪ್ಲಾಂಟ್ ಹಾಕುವುದಿಲ್ಲ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲು, ಇಲ್ಲವೇ ಪಕ್ಕದ ಹಲ್ಲಿನ ಹಿಂಬದಿಗೆ ರೆಕ್ಕೆಯ ಹಾಗೆ ಅಂಟಿಸುವ ‘ಮೇರಿಲ್ಯಾಂಡ್ ಬ್ರಿಡ್ಜ್’ ಇದೆ. ಇದರಲ್ಲಿ ಅರೆಯುವುದು ತೀರಾ ಕಡಿಮೆ. ಹೆಣ್ಣುಮಕ್ಕಳ ಮದುವೆ ಹತ್ತಿರ ಬಂತು ಅಂತ ಹದಿನೆಂಟು ಹತ್ತೊಂಬತ್ತರ ಹುಡುಗಿಯ ಎರಡು ಒಳ್ಳೆಯ ಹಲ್ಲು ಅರೆಸುವ ಮೊದಲು ಈ ದಾರಿ ಇದೆಯಾ ಅಂತ ಕೇಳಿ ನೋಡಿ.

ಸಕ್ಕರೆ ಕಾಯಿಲೆ, ಬೀಡಿ, ಅಡಿಕೆ

ಉತ್ತರದ ಉಳಿದರ್ಧ ನಮ್ಮ ದೇಹದಲ್ಲಿ ಮತ್ತು ನಮ್ಮ ಚಟದಲ್ಲಿದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಇಂಪ್ಲಾಂಟ್ ಆಗುವುದೇ ಇಲ್ಲ ಅನ್ನುವುದು ತಪ್ಪು. ಹತೋಟಿಯಲ್ಲಿದ್ದರೆ ಆಗುತ್ತದೆ. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಹತೋಟಿಗೆ ಬರದಿದ್ದರೆ ಕಾಯಬೇಕು. ಹತೋಟಿ ತಪ್ಪಿದ ಸಕ್ಕರೆಯಲ್ಲಿ ಗಾಯ ಬೇಗ ಮಾಗುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಅದನ್ನು ತಾವಾಗಿ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವ ಹೆಂಗಸರು ಅದರ ಚೀಟಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಆ ಜಾತಿಯ ಕೆಲವು ಔಷಧ ತೆಗೆದುಕೊಳ್ಳುವವರಲ್ಲಿ ಹಲ್ಲು ಕಿತ್ತ ಜಾಗ ಮಾಗದೆ ಮೂಳೆಯೇ ಸಾಯುವ ಅಪಾಯ ಇದೆ.

ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಸಾಧ್ಯತೆ ಹೆಚ್ಚು. ಇದನ್ನು ಡಾಕ್ಟರು ಹೇಳಿದಾಗ ‘ದಿನಕ್ಕೆ ಎರಡೇ’ ಅಂತ ಸುಳ್ಳು ಹೇಳಿ ಪ್ರಯೋಜನವಿಲ್ಲ. ದುಡ್ಡು ನಮ್ಮದೇ ತಾನೆ?

ಅಡಿಕೆಯ ಮಾತು ನಮ್ಮ ಸೀಮೆಯಲ್ಲಿ ಆಡುವುದು ಸ್ವಲ್ಪ ಕಷ್ಟ. ಸಾಗರ, ಹೊಸನಗರ, ತೀರ್ಥಹಳ್ಳಿ ಎಲ್ಲ ಅಡಿಕೆಯಿಂದಲೇ ಉಣ್ಣುವ ಊರುಗಳು. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ಕಾರಕಗಳ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿತು. ಗುಟ್ಕಾ, ಎಲೆಯಡಿಕೆ ದಿನವಿಡೀ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಎರಡು ಬೆರಳು ಸರಿಯಾಗಿ ಹೋಗದ ಬಾಯಲ್ಲಿ ಹಿಂದಿನ ದವಡೆಗೆ ಡ್ರಿಲ್ ಹೋಗುವುದು ಹೇಗೆ? ಬ್ರಿಡ್ಜಿಗೆ ಅಳತೆ ತೆಗೆಯುವುದೂ ಕಷ್ಟ. ಬಾಯಿ ಉರಿ, ಬಿಳಿ ಮಚ್ಚೆ, ಬಾಯಿ ಬಿಗಿತ ಇರುವವರು ಹೊಸ ಹಲ್ಲಿನ ಮಾತಿಗೆ ಮೊದಲು ಅದನ್ನೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಗಲ್ಫ್ ರಜೆಯ ಲೆಕ್ಕ

ನಮ್ಮಲ್ಲಿ ಹಲ್ಲಿನ ತೀರ್ಮಾನವನ್ನು ಬಹಳ ಸಲ ಮಾಡುವುದು ಡಾಕ್ಟರಲ್ಲ, ವಿಮಾನದ ಟಿಕೆಟ್ಟು. ದುಬೈ, ದಮಾಮ್‌ನಿಂದ ಮೂವತ್ತೋ ನಲವತ್ತೋ ದಿನದ ರಜೆಯಲ್ಲಿ ಬರುವ ನಮ್ಮ ಹುಡುಗರಿಗೆ ಅಲ್ಲಿ ಹಲ್ಲಿನ ಖರ್ಚು ದುಬಾರಿ. ಊರಲ್ಲೇ ಮುಗಿಸಬೇಕು ಅಂತ ಆಸೆ. ಆರು ತಿಂಗಳು ಕಾಯಲಿಕ್ಕಾಗದು ಅಂತ ಗಟ್ಟಿ ಹಲ್ಲುಗಳನ್ನು ಅರೆಸಿ ಬ್ರಿಡ್ಜ್ ಹಾಕಿಸಿಕೊಂಡು ಹೊರಡುತ್ತಾರೆ.

ಇದಕ್ಕೆ ಇನ್ನೊಂದು ದಾರಿ ಇದೆ. ಒಂದು ರಜೆಯಲ್ಲಿ ಸ್ಕ್ರೂ ಕೂರಿಸಿಕೊಳ್ಳುವುದು, ಮುಂದಿನ ರಜೆಯಲ್ಲಿ ಕ್ಯಾಪ್ ಹಾಕಿಸುವುದು. ಒಸಡಿನ ಅಡಿಯಲ್ಲಿ ಮುಚ್ಚಿಟ್ಟ ಸ್ಕ್ರೂ ವರ್ಷದ ತನಕ ಹಾಗೇ ಇದ್ದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ರಜೆಗೆ ಬಂದ ಮೊದಲ ವಾರದಲ್ಲೇ ಹೋಗಬೇಕು. ಆಗ ಹೊಲಿಗೆ ತೆಗೆಸಿ, ಗಾಯ ತೋರಿಸಿ ಹೊರಡಲು ಸಮಯ ಸಿಗುತ್ತದೆ. ಕೊನೆಯ ಮೂರು ದಿನದಲ್ಲಿ ಮಾಡಿಸಿಕೊಂಡು ವಿಮಾನ ಹತ್ತುವುದು ಬೇಡ.

ಹೀಗೆ ಮಾಡುವವರು ಒಂದು ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಂಪ್ಲಾಂಟಿನ ಕಂಪನಿ, ಮಾದರಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಪ್ರತಿ ಇಂಪ್ಲಾಂಟಿನ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಕೇಳಿ ಪಡೆದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಒಂದು ಕಂಪನಿಯ ಸ್ಕ್ರೂಗೆ ಇನ್ನೊಂದು ಕಂಪನಿಯ ಭಾಗ ಹೊಂದುವುದಿಲ್ಲ. ನಾಳೆ ಆ ಡಾಕ್ಟರು ಊರು ಬಿಟ್ಟರೂ, ನಾವು ಬೇರೆ ದೇಶದಲ್ಲಿದ್ದರೂ ಆ ಸ್ಟಿಕ್ಕರ್ ಇದ್ದರೆ ಇನ್ನೊಬ್ಬರು ಕೆಲಸ ಮುಂದುವರಿಸಬಹುದು.

ಮೂಳೆ ಪುಡಿಯ ವಿಷಯ

ಮೂಳೆ ಕಡಿಮೆ ಇದ್ದಾಗ ಇಂಪ್ಲಾಂಟ್ ಜೊತೆ ‘ಬೋನ್ ಗ್ರಾಫ್ಟ್’ ಅಂತ ಪುಡಿ ತುಂಬಿ, ಮೇಲೆ ತೆಳುವಾದ ಪೊರೆ ಹೊದಿಸುತ್ತಾರೆ. ನಮ್ಮ ಓದುಗರು ಇದನ್ನು ತಿಳಿದಿರಬೇಕು. ಈ ಪುಡಿ ದನದ ಮೂಳೆಯದ್ದೋ, ಹಂದಿಯದ್ದೋ, ಮನುಷ್ಯರು ದಾನ ಮಾಡಿದ ಮೂಳೆಯದ್ದೋ, ಪ್ರಯೋಗಾಲಯದಲ್ಲಿ ತಯಾರಿಸಿದ್ದೋ ಇರಬಹುದು. ಪೊರೆಗಳಲ್ಲಿ ಬಳಕೆಯಲ್ಲಿರುವ ಕೆಲವು ಹಂದಿಯ ಕೊಲಾಜನ್‌ನಿಂದ ಮಾಡಿದವು. ಇದು ಡಾಕ್ಟರ ತಪ್ಪಲ್ಲ. ನಾವು ಕೇಳದಿದ್ದರೆ ಅವರಿಗೆ ಹೇಳಬೇಕು ಅಂತ ಹೊಳೆಯದೆ ಇರಬಹುದು. ಮೊದಲೇ ಕೇಳಿದರೆ ಕೃತಕವಾಗಿ ತಯಾರಿಸಿದ ಪುಡಿ, ನಮ್ಮದೇ ದವಡೆಯಿಂದ ತೆಗೆದ ಮೂಳೆ, ನಮ್ಮದೇ ರಕ್ತದಿಂದ ಮಾಡುವ ಪೊರೆ ಹೀಗೆ ಬೇರೆ ದಾರಿಗಳಿವೆ. ಸ್ಕ್ರೂಗಾಗಲಿ ಕ್ಯಾಪಿಗಾಗಲಿ ಈ ಪ್ರಶ್ನೆಯೇ ಬರುವುದಿಲ್ಲ. ಎಲ್ಲರಿಗೂ ಪುಡಿ ಬೇಕಾಗುವುದೂ ಇಲ್ಲ. ಸಂಶಯ ಇದ್ದವರು ಉಸ್ತಾದರ ಬಳಿ ಮಾತಾಡಿ ತೀರ್ಮಾನಿಸಲಿ.

ಇಂಪ್ಲಾಂಟ್ ಆದ ಮೊದಲ ವಾರ ಹೊತ್ತು ಹೊತ್ತಿಗೆ ಮಾತ್ರೆ, ಮೆತ್ತನೆಯ ಊಟ, ಆಗಾಗ ಬಾಯಿ ಮುಕ್ಕಳಿಸುವುದು ಎಲ್ಲ ಇರುತ್ತದೆ. ತುರ್ತಿಲ್ಲದಿದ್ದರೆ ರಮಝಾನ್ ಕಳೆದ ಮೇಲೆ ದಿನ ಇಟ್ಟುಕೊಳ್ಳುವುದು ಅನುಕೂಲ.

ಹಾಕಿಸಿದ ಮೇಲೆ

ಮಿಸ್ವಾಕ್ ಒಳ್ಳೆಯದೇ. ಆದರೆ ಬ್ರಿಡ್ಜಿನ ನಡುವಿನ ಹಲ್ಲಿನ ಅಡಿಗೆ ಮಿಸ್ವಾಕೂ ಹೋಗುವುದಿಲ್ಲ, ಬ್ರಷ್ಷೂ ಹೋಗುವುದಿಲ್ಲ. ಅಲ್ಲಿ ಸಿಕ್ಕಿಕೊಂಡ ಪತ್ತಿರಿನ ಚೂರು, ಮಾಂಸದ ಎಳೆ ರಾತ್ರಿಯಿಡೀ ಇದ್ದರೆ ಕಂಬದ ಹಲ್ಲು ಕೆಡುತ್ತದೆ. ಅದಕ್ಕೆ ‘ಸೂಪರ್ ಫ್ಲಾಸ್’ ಎಂಬ ದಾರ, ಬಾಟಲಿ ತೊಳೆಯುವ ಬ್ರಷ್ಷಿನ ಹಾಗಿರುವ ಪುಟ್ಟ ಸಂದಿ ಬ್ರಷ್ ಸಿಗುತ್ತದೆ. ಇಂಪ್ಲಾಂಟಿನ ಸುತ್ತಲೂ ಇದನ್ನೇ ಬಳಸಬೇಕು. ಹೇಗೆ ಬಳಸುವುದು ಅಂತ ಕನ್ನಡಿ ಹಿಡಿದು ತೋರಿಸಿಕೊಡಿ ಅಂತ ಡಾಕ್ಟರ ಬಳಿ ಕೇಳಿ.

ದುಡ್ಡು ಸಾಲದಿದ್ದರೆ

ಒಂದು ಹಲ್ಲಿನ ಇಂಪ್ಲಾಂಟಿಗೆ ಸಾಮಾನ್ಯವಾಗಿ ಮೂರು ಹಲ್ಲಿನ ಲೋಹ-ಸೆರಾಮಿಕ್ ಬ್ರಿಡ್ಜಿಗಿಂತ ಹೆಚ್ಚು ಖರ್ಚು. ಮೂಳೆ ಪುಡಿ, ಸ್ಕ್ಯಾನ್ ಸೇರಿದರೆ ಇನ್ನೂ ಏರುತ್ತದೆ. ‘ಇಂಪ್ಲಾಂಟ್ ಇಷ್ಟು’ ಅಂತ ಹೇಳಿದ ದರದಲ್ಲಿ ಮೇಲಿನ ಕ್ಯಾಪ್ ಸೇರಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಹಲವರು ಮೋಸ ಹೋದೆವು ಅಂದುಕೊಳ್ಳುವುದು ಇಲ್ಲೇ.

ಶಿವಮೊಗ್ಗದಲ್ಲಿ ಶರಾವತಿ ದಂತ ವೈದ್ಯಕೀಯ ಕಾಲೇಜಿದೆ. ಮಣಿಪಾಲದಲ್ಲಿ 1965ರಲ್ಲಿ ಶುರುವಾದ ದಂತ ಕಾಲೇಜಿದೆ. ದೇರಳಕಟ್ಟೆಯಲ್ಲಿ ಯೆನೆಪೋಯ ಮತ್ತು ಎ.ಬಿ. ಶೆಟ್ಟಿ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಗೆ ಖಾಸಗಿ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಡಿಮೆ ದರ ಇರುತ್ತದೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಬ್ರಿಡ್ಜೂ ಬೇಡ, ಇಂಪ್ಲಾಂಟೂ ಬೇಡ ಅನ್ನುವವರಿಗೆ ತೆಗೆದು ಹಾಕುವ ಹಲ್ಲು ಸೆಟ್ ಇದ್ದೇ ಇದೆ. ವುಝೂ ಮಾಡುವಾಗ ತೆಗೆದು, ತೊಳೆದು, ಬಾಯಿ ಮುಕ್ಕಳಿಸಿ ಮತ್ತೆ ಹಾಕಿಕೊಂಡರೆ ಒಸಡಿಗೂ ಒಳ್ಳೆಯದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡಲೆಂದು ರಾಜ್ಯ ಸರಕಾರ ‘ದಂತ ಭಾಗ್ಯ’ ಯೋಜನೆ ತಂದಿದೆ. ಈಗಿನ ನಿಯಮಗಳನ್ನು ತಾಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. ಇನ್ನು ಕೆಳಗಿನ ಸೆಟ್ ನಿಲ್ಲುವುದೇ ಇಲ್ಲ, ಮಾತಾಡುವಾಗ ಏಳುತ್ತದೆ ಅನ್ನುವ ಹಿರಿಯರಿಗೆ ಎರಡೇ ಎರಡು ಇಂಪ್ಲಾಂಟ್ ಹಾಕಿ ಸೆಟ್ಟನ್ನು ಅದಕ್ಕೆ ಗುಂಡಿಯ ಹಾಗೆ ಸಿಕ್ಕಿಸುವ ಕ್ರಮ ಇದೆ. ಹಲ್ಲಿಲ್ಲದ ಕೆಳದವಡೆಗೆ ಇದನ್ನೇ ಮೊದಲ ಆಯ್ಕೆ ಮಾಡಬೇಕು ಅಂತ 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ಇಡೀ ಬಾಯಿಗೆ ಹತ್ತು ಹನ್ನೆರಡು ಸ್ಕ್ರೂ ಬೇಕು ಅಂತ ಹೆದರಿ ಸುಮ್ಮನಾದವರು ಇದನ್ನು ಕೇಳಿ ನೋಡಬಹುದು.

ಅಗ್ಗ ಅಂತ ಸಂತೆ, ರಸ್ತೆ ಬದಿಯಲ್ಲಿ ಹಲ್ಲು ಕಟ್ಟುವವರ ಹತ್ತಿರ ಮಾತ್ರ ಹೋಗಬೇಡಿ. ಅವರು ಪ್ಲಾಸ್ಟಿಕ್ ಹಲ್ಲನ್ನು ತಂತಿ, ಅಂಟು ಹಾಕಿ ಪಕ್ಕದ ಹಲ್ಲಿಗೆ ಬಿಗಿಯುತ್ತಾರೆ. ಅದು ತೆಗೆಯಲೂ ಬಾರದೆ, ತೊಳೆಯಲೂ ಆಗದೆ ಇದ್ದ ಹಲ್ಲುಗಳನ್ನೂ ಕೆಡಿಸುತ್ತದೆ. ನೋಂದಣಿ ಇಲ್ಲದವರು ಹಲ್ಲಿನ ಚಿಕಿತ್ಸೆ ಮಾಡಲು 1948ರ ದಂತವೈದ್ಯರ ಕಾಯ್ದೆಯಲ್ಲಿ ಅವಕಾಶವಿಲ್ಲ.

ಡಾಕ್ಟರ ಹತ್ತಿರ ಇದನ್ನೆಲ್ಲ ಕೇಳಿ

• ಪಕ್ಕದ ಹಲ್ಲುಗಳ ಸ್ಥಿತಿ ಹೇಗಿದೆ? ಎಕ್ಸ್‌ರೇಯಲ್ಲಿ ತೋರಿಸುತ್ತೀರಾ?

• ಇಂಪ್ಲಾಂಟ್ ಆದರೆ ಮೂಳೆ ಸಾಕಾ? ಪುಡಿ ಬೇಕಾದರೆ ಅದು ಯಾವುದರದ್ದು?

• ಮೊದಲಿನಿಂದ ಕೊನೆಯ ತನಕ ಒಟ್ಟು ಎಷ್ಟು ಖರ್ಚು, ಎಷ್ಟು ಭೇಟಿ? ಬರೆದು ಕೊಡುತ್ತೀರಾ?

• ಸ್ಕ್ರೂ ಹಾಕುವವರು ನೀವೋ, ಬೇರೆ ಊರಿನಿಂದ ಬರುವ ತಜ್ಞರೋ? ಆಮೇಲೆ ತೊಂದರೆಯಾದರೆ ಯಾರನ್ನು ನೋಡಬೇಕು?

• ಇದು ಸೋತರೆ ಮುಂದಿನ ದಾರಿ ಏನು? ಅದರ ಖರ್ಚು ಯಾರದ್ದು?

ನಾಲ್ಕನೆಯ ಪ್ರಶ್ನೆ ನಮ್ಮ ಕಡೆಯವರಿಗೆ ಬಹಳ ಮುಖ್ಯ. ಸಣ್ಣ ಪೇಟೆಗಳಲ್ಲಿ ತಜ್ಞರು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಂದು ಹೋಗುವುದುಂಟು. ಕೆಲಸ ಮಾಡಿದವರು ಮತ್ತೆ ಸಿಗುವಂತಿರಬೇಕು.

ಮತ್ತೆ ಒಂದು ಮಾತು. ಇದನ್ನು ಓದುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಹಲ್ಲು ನೋಯುತ್ತಿದ್ದು, ಕೀಳಿಸಬೇಕು ಅಂತ ಹೊರಟಿದ್ದರೆ, ‘ಇದನ್ನು ಉಳಿಸಲಿಕ್ಕಾಗುತ್ತಾ?’ ಅಂತ ಕೇಳಿ ಆಮೇಲೆ ಬಾಯಿ ತೆರೆಯಲಿ. ಬ್ರಿಡ್ಜಿಗಿಂತಲೂ ಇಂಪ್ಲಾಂಟಿಗಿಂತಲೂ ಸ್ವಂತ ಹಲ್ಲು ಮೇಲು. ಅದಕ್ಕಾಗಿ ಇನ್ನೂ ಎರಡು ಸಲ ಸಾಗರಕ್ಕೆ ಹೋಗಿ ಬರಬೇಕಾದರೆ ಈಗ ಲಾಂಚಿಗೆ ಕಾಯಬೇಕಾಗಿಲ್ಲ.